ರಾಗ ಹಾಕದೆ ಓದು ನೋಡೋಣ

ಮಗಳ ಶಾಲೆಯಲ್ಲಿ ನವೆಂಬರ್‌ಗೆ ಕವನ ವಾಚನ ಸ್ಪರ್ಧೆ ಇಟ್ಟಿದ್ದರು. ವಾಚನ ಮಾತ್ರ. ಹಾಡಿದರೆ ಅಂಕ ಕಟ್ ಅಂತ ಮೊದಲೇ ಚೀಟಿ ಕಳಿಸಿದ್ದರು. ಅವಳು ಆರಿಸಿಕೊಂಡಿದ್ದು ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’. ಗಿರಿನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ವಾರ ಬರೀ ಇದೇ ಕೆಲಸ. ಮೊದಲ ಸಾಲನ್ನು ಹೇಗೋ ದಾಟುತ್ತಾಳೆ, ಎರಡನೆಯದಕ್ಕೆ ತಲೆ ಅಲ್ಲಾಡುತ್ತದೆ, ‘ನಿತ್ಯೋತ್ಸವ, ತಾಯಿ’ ಅನ್ನುವಷ್ಟರಲ್ಲಿ ರಾಗ ಬಂದೇ ಬಿಡುತ್ತದೆ.

‘ಕೊಡಿಲ್ಲಿ, ನಾನು ಓದಿ ತೋರಿಸ್ತೀನಿ’ ಅಂತ ಪುಸ್ತಕ ಕಸಿದುಕೊಂಡೆ. ನನ್ನ ಕೈಯಲ್ಲೂ ಆಗಲಿಲ್ಲ. ಹೆಂಡತಿ ಹಲ್ಲು ಕಚ್ಚಿಕೊಂಡು ಪೂರ್ತಿ ಓದಿದಳು, ಆದರೆ ರೇಡಿಯೋದಲ್ಲಿ ಹವಾಮಾನ ವರದಿ ಕೇಳಿದ ಹಾಗಾಯಿತು. ಅಪ್ಪ ಪ್ರಯತ್ನವನ್ನೇ ಮಾಡಲಿಲ್ಲ. ಕನ್ನಡಕ ಕೂಡ ಹಾಕಿಕೊಳ್ಳದೆ ಸೀದಾ ಹಾಡಿಯೇ ಬಿಟ್ಟರು.

ಈ ರಾಗ ಹಾಕಿದ ಮೈಸೂರು ಅನಂತಸ್ವಾಮಿ ತೀರಿಕೊಂಡಿದ್ದು 1995ರ ಜನವರಿಯಲ್ಲಿ. ಅವರ ಮುಖ ಹೇಗಿತ್ತು ಅಂತ ನನ್ನ ಮಗಳಿಗೆ ಗೊತ್ತಿಲ್ಲ, ಹೆಸರೂ ಗೊತ್ತಿರಲಿಲ್ಲ. ಆದರೆ ಅವಳ ನಾಲಿಗೆಗೆ ಅವರು ಗೊತ್ತು. ‘ನಿತ್ಯೋತ್ಸವ’ ಕ್ಯಾಸೆಟ್ ಬಂದಿದ್ದು 1978ರಲ್ಲಿ, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಅದನ್ನು ಕರೆಯುತ್ತಾರೆ. ಅಪ್ಪನ ಹತ್ತಿರ ಅದು ಈಗಲೂ ಇದೆ. ರೀಲು ಎಷ್ಟೋ ಸಲ ಸಿಕ್ಕಿಹಾಕಿಕೊಂಡು, ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ, ಕೊನೆಗೆ ಹಾಡುವುದನ್ನೇ ನಿಲ್ಲಿಸಿದೆ. ಬಿಸಾಡಲು ಬಿಡುವುದಿಲ್ಲ.

ಅನಂತಸ್ವಾಮಿ ರಾಗದಲ್ಲಿ ನನಗೆ ಇಷ್ಟವಾಗುವುದು ಅದರ ನಯ. ಯಾರ ಗಂಟಲಿಗೂ ಅದು ಸಿಗುತ್ತದೆ. ಮದುವೆ ಮನೆಯಲ್ಲಿ ಹಾಡುವ ಅತ್ತೆಯಂದಿರಿಗೆ, ಗಂಟಲು ಕಟ್ಟಿದ ಮೇಷ್ಟ್ರಿಗೆ, ಕೊನೆಗೆ ನನಗೂ. ಸಿ. ಅಶ್ವಥ್ ಹಾಗಲ್ಲ. ಅಶ್ವಥ್ ಹಾಡಿದ್ದನ್ನು ಹಾಡಲು ಹೊರಟರೆ ಎರಡನೇ ಚರಣದಲ್ಲಿ ನರ ಉಬ್ಬಿ, ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುತ್ತಾರೆ. ಎದೆ ಬಿಚ್ಚಿ ಹಾಡುವುದು ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅವರಿಂದ. ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡಿಕೊಂಡೇ ಅವರು ಸಂಗೀತ ಕಟ್ಟಿದ್ದು. ಅಪ್ಪನೂ ಶಿಫ್ಟ್ ಕೆಲಸದವರು, ಹಾಗಾಗಿ ‘ನಮ್ಮ ಹಾಗೇ ಫ್ಯಾಕ್ಟರಿ ಮನುಷ್ಯ ಕಣೋ’ ಅಂತ ಅವರಿಗೊಂದು ಜಂಬ.

2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವಥ್ ಅವರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ಆಯಿತಲ್ಲ, ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ನಾವು ಕೂತ ಜಾಗದಿಂದ ಅಶ್ವಥ್ ಒಂದು ಬಿಳಿ ಚುಕ್ಕೆಯಷ್ಟು ಕಾಣುತ್ತಿದ್ದರು, ಅಷ್ಟೇ. ಆದರೆ ಸಿನಿಮಾ ಹಾಡಲ್ಲ, ಕುಣಿತ ಇಲ್ಲ, ಸುಮ್ನೆ ಪದ್ಯ ಕೇಳುವುದಕ್ಕೆ ಅಷ್ಟು ಜನ ಬರುತ್ತಾರೆ ಅಂತ ಆಗ ಕಾಲೇಜಿನಲ್ಲಿದ್ದ ನನಗೆ ಗೊತ್ತೇ ಇರಲಿಲ್ಲ. ಕುವೆಂಪು, ಬೇಂದ್ರೆ ನಮಗೆ ಆಗ ಪರೀಕ್ಷೆಯಲ್ಲಿ ಸಾರಾಂಶ ಬರೆಯುವ ಹೆಸರುಗಳು. ಅವತ್ತು ರಾತ್ರಿ ಮನೆಗೆ ಬಂದು ಪಠ್ಯಪುಸ್ತಕ ತೆಗೆದು ನೋಡಿದ್ದು ನೆನಪಿದೆ.

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ಕ್ಕೆ, ಹೋಗಿದ್ದು 2009ರ ಡಿಸೆಂಬರ್ 29ಕ್ಕೆ. ಎಪ್ಪತ್ತನೇ ಹುಟ್ಟುಹಬ್ಬದ ದಿನವೇ. ಅದೇ ವರ್ಷ ಜನವರಿಯಲ್ಲಿ ಅನಂತಸ್ವಾಮಿಯವರ ಮಗ ರಾಜು ಕೂಡ ಹೋಗಿಬಿಟ್ಟಿದ್ದರು, ನಲವತ್ತು ಕೂಡ ಆಗಿರಲಿಲ್ಲ. ರಾಜರತ್ನಂ ಅವರ ರತ್ನನ ಪದಗಳನ್ನು ರಾಜು ಹಾಡಿದರೆ ಕುಡುಕ ರತ್ನ ಎದುರಿಗೇ ತೂರಾಡುತ್ತಾ ನಿಂತ ಹಾಗಿರುತ್ತಿತ್ತು. ಅನಂತಸ್ವಾಮಿ ಹಾಡಿಕೊಟ್ಟದ್ದೇ ಮಗನಿಗೂ ಬಂದಿದ್ದು ನಿಜ, ಆದರೆ ಆ ತುಂಟತನ ರಾಜುವಿನದೇ. 2022ರ ಆಗಸ್ಟ್‌ನಲ್ಲಿ ಶಿವಮೊಗ್ಗ ಸುಬ್ಬಣ್ಣನವರೂ ಹೋದರು. ವೃತ್ತಿಯಿಂದ ವಕೀಲರು, ‘ಕಾಡು ಕುದುರೆ’ ಸಿನಿಮಾದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದವರು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ತಂದ ಮೊದಲ ಕನ್ನಡಿಗ. ಇವರೆಲ್ಲರಿಗಿಂತ ಮೊದಲೇ ಈ ದಾರಿ ತೆರೆದ ಪಿ. ಕಾಳಿಂಗರಾಯರು ಹೋಗಿದ್ದು 1981ರಲ್ಲಿ. ಅವರನ್ನು ನಾನು ಕೇಳಿದ್ದೆಲ್ಲ ಬೆಳಗಿನ ಆಕಾಶವಾಣಿಯಲ್ಲಿ, ಸ್ಟೌವ್ ಸದ್ದಿನ ನಡುವೆ.

ನಾಡಗೀತೆಯ ವಿಷಯ ನಿಮಗೂ ನೆನಪಿರಬಹುದು. ಕುವೆಂಪು ಪದ್ಯ ನಾಡಗೀತೆಯಾಗಿದ್ದು 2004ರಲ್ಲಿ. ಆದರೆ ಯಾವ ರಾಗದಲ್ಲಿ ಹಾಡಬೇಕು ಅಂತ ತೀರ್ಮಾನವಾಗಲು 2022ರ ಸೆಪ್ಟೆಂಬರ್ ಬರಬೇಕಾಯಿತು. ಸರ್ಕಾರ ಅನಂತಸ್ವಾಮಿಯವರ ರಾಗ, 2 ನಿಮಿಷ 30 ಸೆಕೆಂಡು ಅಂತ ಆದೇಶ ಮಾಡಿತು. ಅಶ್ವಥ್ ರಾಗವೇ ಬೇಕು ಅನ್ನುವವರು ಸುಮ್ಮನಿರಲಿಲ್ಲ, ವಿಷಯ ಹೈಕೋರ್ಟ್‌ವರೆಗೂ ಹೋಯಿತು. ರಾಗ ಹಾಕಿದ ಇಬ್ಬರೂ ಇಲ್ಲ, ಜಗಳ ಮಾತ್ರ ಜೋರಾಗಿತ್ತು. ನಾನು ಅಶ್ವಥ್ ಭಕ್ತನಾದರೂ ಇದರಲ್ಲಿ ಅನಂತಸ್ವಾಮಿ ಕಡೆ. ಬೆಳಿಗ್ಗೆ ಎಂಟೂವರೆಗೆ, ಅರ್ಧ ನಿದ್ದೆಯಲ್ಲಿ, ಸಾಲಾಗಿ ನಿಂತ ಮಕ್ಕಳು ಹಾಡಬೇಕಲ್ವಾ. ಅಶ್ವಥ್ ರಾಗಕ್ಕೆ ಅಶ್ವಥ್ ಗಂಟಲೇ ಬೇಕು.

ಇದೆಲ್ಲ ಹೇಳುವಾಗ ಒಂದು ಸಣ್ಣ ತಕರಾರೂ ಇದೆ ನನಗೆ. ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ ಪುಸ್ತಕ ಬಂದಿದ್ದು 1942ರಲ್ಲಿ. ಕ್ಯಾಸೆಟ್ ಇಲ್ಲದ ಅಷ್ಟು ವರ್ಷ ಜನ ಅದನ್ನು ಹೇಗೆ ಓದುತ್ತಿದ್ದರು? ನಮ್ಮಜ್ಜಿ ತನ್ನದೇ ಒಂದು ಎಳೆತದಲ್ಲಿ ಓದುತ್ತಿದ್ದಳು, ಹಬ್ಬದ ಹಾಡು, ಸೋಬಾನೆ ಎಲ್ಲ ಸೇರಿದ ಹಾಗೆ. ಆ ಧಾಟಿ ಈಗ ಎಷ್ಟು ನೆನಪು ಮಾಡಿಕೊಂಡರೂ ಬರುವುದಿಲ್ಲ, ಪುಟ ತೆರೆದರೆ ಅಶ್ವಥ್ ಬಂದು ಕೂರುತ್ತಾರೆ. ಆಫೀಸಿನಲ್ಲಿ ಹಾವೇರಿ ಕಡೆಯ ಗೆಳೆಯನೊಬ್ಬನಿದ್ದಾನೆ. ನಾನು ಶರೀಫರ ‘ಕೋಡಗನ ಕೋಳಿ’ ಗುನುಗುತ್ತಿದ್ದರೆ ನಗುತ್ತಾನೆ. ‘ಅದು ನಿಮ್ಮ ಬೆಂಗಳೂರಿನ ಶರೀಫ. ನಮ್ಮೂರ ಭಜನಿ ಮ್ಯಾಳದಾಗ ಹಂಗ ಹಾಡಂಗಿಲ್ಲ’ ಅನ್ನುತ್ತಾನೆ. ಒಮ್ಮೆ ಅವರೂರಿನ ಧಾಟಿಯಲ್ಲಿ ಹಾಡಿಯೂ ತೋರಿಸಿದ. ಚೆನ್ನಾಗಿತ್ತು. ಬಸ್ ಹತ್ತುವಷ್ಟರಲ್ಲಿ ಮರೆತೇಹೋಯಿತು, ಬನಶಂಕರಿ ಬರುವವರೆಗೂ ತಲೆಯಲ್ಲಿ ಮತ್ತೆ ಅಶ್ವಥ್ ಅವರದೇ ‘ನುಂಗಿತ್ತಾ’.

ಸ್ಪರ್ಧೆಯ ದಿನ ಮಗಳು ಮೂರು ಸಾಲು ಗಟ್ಟಿಯಾಗಿ ನಿಂತು ಓದಿದಳಂತೆ. ಬಹುಮಾನ ಬರಲಿಲ್ಲ. ಅಂಕದ ಚೀಟಿಯಲ್ಲಿ ‘ಉಚ್ಚಾರಣೆ ಚೆನ್ನಾಗಿದೆ, ನಡುವೆ ರಾಗ ಬಂದಿದೆ’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಪ್ಪ ಅದನ್ನು ಎರಡು ಸಲ ಓದಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ ಆ ಹಾಡದ ಕ್ಯಾಸೆಟ್ಟಿನ ಡಬ್ಬಿಯೊಳಗೆ ಇಟ್ಟುಕೊಂಡರು.