ಮನ್ನಾ ಡೇ ಕಲಿತ ರೀತಿ

ಹಿಂದಿ ಸಿನಿಮಾದ ಹಿನ್ನೆಲೆ ಗಾಯಕ ಮನ್ನಾ ಡೇ ಬಗ್ಗೆ ಮಾತು ಬಂದಾಗೆಲ್ಲ ಒಂದೇ ಕೊರಗು ಕೇಳಿಸುತ್ತದೆ. ಮುಕೇಶ್‌ಗೆ ರಾಜ್ ಕಪೂರ್ ಇದ್ದರು, ಕಿಶೋರ್‌ಗೆ ರಾಜೇಶ್ ಖನ್ನಾ ಇದ್ದರು, ಪಾಪ ಇವರಿಗೆ ಕಾಯಂ ಆಗಿ ದನಿ ಕೊಡೋಕೆ ಅಂತ ಒಬ್ಬ ಹೀರೋ ಇರಲಿಲ್ಲ. ನಿಜವೇ. ಆದರೆ ನನ್ನನ್ನು ಅದಕ್ಕಿಂತ ಜಾಸ್ತಿ ಹಿಡಿದಿರುವುದು ಅವರು ಕಲಿತ ರೀತಿ. ಇನ್ನೊಬ್ಬರ ಪಕ್ಕದಲ್ಲಿ ಕೂತು, ಇನ್ನೊಬ್ಬರ ಕೆಲಸ ಮಾಡಿಕೊಡುತ್ತಾ ಕಲಿತವರು ಅವರು.

ಹುಟ್ಟಿದ್ದು 1919ರ ಮೇ 1ರಂದು, ಕಲ್ಕತ್ತಾದಲ್ಲಿ. ಹೆಸರು ಪ್ರಬೋಧ್ ಚಂದ್ರ ಡೇ, ಮನ್ನಾ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು. ಅಪ್ಪನಿಗೆ ಮಗ ವಕೀಲನಾಗಲಿ ಅಂತ ಆಸೆ. ಹುಡುಗನಿಗೆ ಕುಸ್ತಿಯ ಹುಚ್ಚು, ಹೆಸರಾಂತ ಪೈಲ್ವಾನ ಗೋಬರ್ ಗುಹಾ ಹತ್ತಿರ ಪಟ್ಟು ಕಲಿತ. ಆದರೆ ಅದೇ ಮನೆಯಲ್ಲಿ ಚಿಕ್ಕಪ್ಪ ಕೃಷ್ಣ ಚಂದ್ರ ಡೇ ಇದ್ದರಲ್ಲ! ಹದಿಹರೆಯದಲ್ಲೇ ಕಣ್ಣು ಕಳೆದುಕೊಂಡವರು. ಕೀರ್ತನೆ, ಖಯಾಲ್, ಠುಮ್ರಿ, ನಾಟಕದ ಹಾಡು, ಆಮೇಲೆ ಸಿನಿಮಾ, ಎಲ್ಲದರಲ್ಲೂ ಹೆಸರು ಮಾಡಿದವರು. ಮನ್ನಾ ಡೇಗೆ ಮೊದಲ ಗುರು ಅವರೇ. ಜೊತೆಗೆ ಉಸ್ತಾದ್ ದಬೀರ್ ಖಾನ್ ಹತ್ತಿರವೂ ಪಾಠ ಆಯಿತು.

1942ರಲ್ಲಿ ಚಿಕ್ಕಪ್ಪನ ಜೊತೆ ಬೊಂಬಾಯಿಗೆ ಹೋದಾಗ ಅವರಿಗೆ 23 ವರ್ಷ. ಹೋದದ್ದು ಹಾಡುಗಾರನಾಗಿ ಅಲ್ಲ, ಸಹಾಯಕನಾಗಿ. 'ರಾಮರಾಜ್ಯ' ಚಿತ್ರದವರು ಚಿಕ್ಕಪ್ಪನನ್ನು ಹಾಡಿ ಅಂತ ಕೇಳಿದರು. ತೆರೆಯ ಮೇಲೆ ಬೇರೆಯವರು ಬಾಯಾಡಿಸುವ ಹಾಡನ್ನು ನಾನು ಹಾಡೋದಿಲ್ಲ, ನಮ್ಮ ಹುಡುಗ ಹಾಡುತ್ತಾನೆ ಅಂದುಬಿಟ್ಟರು ಅವರು. ಅವಕಾಶವೇನೋ ಬಂತು. ಆದರೆ ಅದು ವಾಲ್ಮೀಕಿಯ ಪಾತ್ರದ ಹಾಡು. ಅಲ್ಲಿಂದ ಋಷಿ, ಮುನಿ, ಮುದುಕರ ಹಾಡು ಅಂದರೆ ಇವರನ್ನೇ ಕರೆಯೋದು ಶುರುವಾಯಿತು, ಇನ್ನೂ ಎಳೆ ಹುಡುಗ ಆಗ!

ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಕೂಡ ಇದೇ ಚಿಕ್ಕಪ್ಪನ ಶಿಷ್ಯರು. ಮುಂದೆ ಮನ್ನಾ ಡೇ ಈ ಬರ್ಮನ್ ಹತ್ತಿರವೂ ಸಹಾಯಕರಾದರು. ನೊಟೇಶನ್, ಅಂದರೆ ಹಾಡಿನ ಸ್ವರಲಿಪಿ ಬರೆಯಬೇಕು, ಬೇರೆ ಗಾಯಕರಿಗೆ ಹಾಡು ಕಲಿಸಬೇಕು. ತಾನು ಹಾಡಬಹುದಾದ ಹಾಡನ್ನು ಇನ್ನೊಬ್ಬರ ಗಂಟಲಿಗೆ ಕೂರಿಸಿ, ಅವರು ಮೈಕ್ ಮುಂದೆ ನಿಂತಾಗ ಪಕ್ಕಕ್ಕೆ ಸರಿಯುವುದು ಎಷ್ಟು ಕಷ್ಟ ಅಲ್ವಾ? 1950ರಲ್ಲಿ 'ಮಶಾಲ್' ಚಿತ್ರದ 'ಊಪರ್ ಗಗನ್ ವಿಶಾಲ್' ಬಂದ ಮೇಲೆಯೇ ಜನ ಅವರ ಹೆಸರು ಗುರುತಿಟ್ಟುಕೊಂಡಿದ್ದು.

ಬೊಂಬಾಯಿಯಲ್ಲೂ ಅವರು ಪಾಠ ಬಿಡಲಿಲ್ಲ. ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್, ಉಸ್ತಾದ್ ಅಮಾನ್ ಅಲಿ ಖಾನ್ ಹತ್ತಿರ ಕಲಿತರು. ಅಮಾನ್ ಅಲಿ ಖಾನ್ ಭೆಂಡಿ ಬಜಾರ್ ಘರಾಣೆಯವರು, ಸರ್ಗಮ್, ಅಂದರೆ ಸರಿಗಮ ಸ್ವರಗಳನ್ನೇ ಹಾಡುವುದಕ್ಕೆ ಹೆಸರಾದ ಹಾಡುಗಾರಿಕೆಯ ಪರಂಪರೆ ಅದು. ನಮ್ಮ ದಕ್ಷಿಣದ ಹಂಸಧ್ವನಿ ರಾಗವನ್ನು ಹಿಂದೂಸ್ತಾನಿಯಲ್ಲಿ ಜನಪ್ರಿಯ ಮಾಡಿದವರು ಇವರೇ. ಮನ್ನಾ ಡೇ ಹಾಡಿನಲ್ಲಿ ಸ್ವರಗಳು ಎಷ್ಟೇ ವೇಗವಾಗಿ ಬಂದರೂ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಇಂಥ ಪಾಠದ ಫಲ ಅದು ಅಂತ ನನಗೆ ಅನಿಸುತ್ತದೆ.

ಇಷ್ಟೆಲ್ಲ ಕಲಿತಿದ್ದಕ್ಕೆ ನಿಜವಾದ ಪರೀಕ್ಷೆ ಎದುರಾಗಿದ್ದು 1956ರ 'ಬಸಂತ್ ಬಹಾರ್'ನಲ್ಲಿ. ನಮ್ಮ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿಯಿಂದಲೇ ಆ ಚಿತ್ರ ಹುಟ್ಟಿದ್ದು. ಶಂಕರ್-ಜೈಕಿಶನ್ ಸಂಗೀತ. 'ಕೇತಕೀ ಗುಲಾಬ್ ಜೂಹಿ' ಹಾಡಿನಲ್ಲಿ ಇಬ್ಬರು ಗಾಯಕರ ಸ್ಪರ್ಧೆ, ಕೊನೆಗೆ ಹೀರೋ ಗೆಲ್ಲಬೇಕು. ಹೀರೋಗೆ ಮನ್ನಾ ಡೇ ದನಿ, ಸೋಲುವವನಿಗೆ ನಮ್ಮ ಗದುಗಿನ ಭೀಮಸೇನ ಜೋಶಿ! ಭೀಮಸೇನರನ್ನು ನಾನು ಹಾಡಿ ಸೋಲಿಸೋದಾ, ಆಗಲ್ಲ, ಊರು ಬಿಟ್ಟು ಹೋಗುತ್ತೇನೆ ಅಂತ ಮನ್ನಾ ಡೇ ಹೆದರಿದ್ದರಂತೆ. ಹೆಂಡತಿ ಸುಲೋಚನಾ ಧೈರ್ಯ ಹೇಳಿ ನಿಲ್ಲಿಸಿದರು. ಆಮೇಲೆ ಕೂತು ಬಿಡದೆ ರಿಯಾಜ್ ಮಾಡಿದರು. ಆ ಹಾಡು ಕೇಳುವಾಗ ಯಾರು ಗೆದ್ದರು ಅನ್ನುವುದನ್ನು ಸ್ವಲ್ಪ ಮರೆತುಬಿಡಿ. ಭೀಮಸೇನರ ತಾನ, ಅಂದರೆ ವೇಗದ ಸ್ವರಗಳ ಸಾಲು, ಗುಡುಗಿನ ಹಾಗೆ ಬರುತ್ತದೆ, ಅದಕ್ಕೆ ಮನ್ನಾ ಡೇ ದನಿ ಏರಿಸಿ ಉತ್ತರ ಕೊಡುವುದಿಲ್ಲ, ತನ್ನ ಅಳತೆಯಲ್ಲೇ ಸ್ಪಷ್ಟವಾಗಿ ಹಾಡುತ್ತಾರೆ. ತನ್ನ ಗಂಟಲಿನ ಮಿತಿ ಎಲ್ಲಿದೆ ಅಂತ ಗೊತ್ತಿದ್ದವರು ಮಾತ್ರ ಹಾಗೆ ಹಾಡಬಲ್ಲರು.

ಸುಲೋಚನಾ ಕೇರಳದವರು. 'ಚೆಮ್ಮೀನ್' ಚಿತ್ರಕ್ಕೆ ಮಲಯಾಳಂನಲ್ಲಿ ಹಾಡುವಾಗ ಉಚ್ಚಾರಣೆ ಹೇಳಿಕೊಟ್ಟಿದ್ದು ಅವರೇ. ಕೊನೆಯ ವರ್ಷಗಳಲ್ಲಿ ದಂಪತಿ ಬೆಂಗಳೂರಿನ ಕಲ್ಯಾಣ್ ನಗರದಲ್ಲಿ ಇದ್ದರು. 2012ರಲ್ಲಿ ಸುಲೋಚನಾ ಹೋದರು. 2013ರ ಅಕ್ಟೋಬರ್ 24ರಂದು ಮನ್ನಾ ಡೇ ಕೂಡ ಇಲ್ಲೇ ತೀರಿಕೊಂಡರು, 94ನೇ ವಯಸ್ಸಿನಲ್ಲಿ.

ಅವರನ್ನು ಇನ್ನೂ ಸರಿಯಾಗಿ ಕೇಳದವರು 1963ರ ಎರಡು ಹಾಡುಗಳಿಂದ ಶುರು ಮಾಡಿ. 'ಪೂಛೋ ನ ಕೈಸೇ' ಆಹೀರ್ ಭೈರವ್ ರಾಗದಲ್ಲಿದೆ. ಅಲ್ಲಿ ಪ್ರದರ್ಶನ ಅನ್ನುವುದೇ ಇಲ್ಲ, ಕಲಿತದ್ದನ್ನೆಲ್ಲ ಅಡಗಿಸಿಟ್ಟು ಹಾಡಿದ್ದಾರೆ. 'ಲಾಗಾ ಚುನರೀ ಮೇ ದಾಗ್' ಇದಕ್ಕೆ ಪೂರ್ತಿ ಉಲ್ಟಾ, ಭೈರವಿಯಲ್ಲಿ ಶುರುವಾಗಿ ಕೊನೆಗೆ ತರಾನಾಕ್ಕೆ, ಅಂದರೆ ಅರ್ಥವಿಲ್ಲದ ಅಕ್ಷರಗಳನ್ನು ತಾಳಕ್ಕೆ ವೇಗವಾಗಿ ಹಾಡುವುದಕ್ಕೆ ಏರುತ್ತದೆ. ಮೊಬೈಲಿನ ಸ್ಪೀಕರ್‌ನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಂಡು ಕೇಳಿ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಗಮನಿಸಿ.