ಹಸಿ ಹಾಪ್‌ನ ಬಿಯರ್: ಯಾಕಿಮಾ ಕಣಿವೆಯ ಸುಗ್ಗಿ

ಸಿಯಾಟಲ್‌ನಲ್ಲಿ ಶರತ್ಕಾಲ ಬಂದಿತೆಂದರೆ ನಾನು ಎದುರುನೋಡುವುದು ಹಸಿ ಹಾಪ್, ಅಂದರೆ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಬಳ್ಳಿಯ ಒಣಗಿಸದ ಹೂವು, ಹಾಕಿ ತಯಾರಿಸಿದ ಬಿಯರನ್ನು. ಆಗಸ್ಟ್ ಮುಗಿಯುವ ಮೊದಲೇ ಇಲ್ಲಿನ ಅಂಗಡಿಗಳಲ್ಲಿ ಸಿಹಿಗುಂಬಳ, ದಾಲ್ಚಿನ್ನಿ, ಜಾಯಿಕಾಯಿಗಳ ಪರಿಮಳವಿರುವ ಬಿಯರುಗಳೂ ಜರ್ಮನಿಯ ಆಕ್ಟೋಬರ್‌ಫೆಸ್ಟ್ ಮಾದರಿಯ ಲಾಗರ್ ಬಿಯರುಗಳೂ ಸಾಲುಗಟ್ಟಿ ನಿಲ್ಲುತ್ತವೆ, ಮತ್ತು ಅವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿರುತ್ತವೆ. ಆದರೆ ಇಂದಿನ ತಂತ್ರಜ್ಞಾನದಲ್ಲಿ ಅವನ್ನು ಏಪ್ರಿಲ್‌ನಲ್ಲಿಯೂ ತಯಾರಿಸಬಹುದು. ಹಸಿ ಹಾಪ್‌ನ ಬಿಯರ್ ಹಾಗಲ್ಲ; ಹೊಲದಲ್ಲಿ ಕೊಯ್ಲು ನಡೆಯುವ ಕೆಲವೇ ವಾರಗಳು ಅದರ ಕಾಲ, ಆ ವಾರಗಳನ್ನು ನಿರ್ಧರಿಸುವುದು ಬಳ್ಳಿಯೇ.

ಹಾಪ್ ಬಳ್ಳಿಯ ಹೆಣ್ಣು ಗಿಡದಲ್ಲಿ ಬಿಡುವ, ಎಳೆಯ ಹಸಿರು ಬಣ್ಣದ, ಶಂಕುವಿನಾಕಾರದ ಹೂಗೊಂಚಲೇ ಬಿಯರಿಗೆ ಬಳಕೆಯಾಗುವುದು. ಅದರ ಎಸಳನ್ನು ಬಿಡಿಸಿ ನೋಡಿದರೆ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಪುಡಿ ಕಾಣುತ್ತದೆ. ಬಿಯರಿನ ಕಹಿಯೂ ಅದರ ಪರಿಮಳದ ಬಹುಭಾಗವೂ ಹುಟ್ಟುವುದು ಅಲ್ಲಿಂದ. ಆಗ ತಾನೇ ಕೊಯ್ದ ಹೂವಿನ ತೂಕದಲ್ಲಿ ಸುಮಾರು ಶೇಕಡಾ 80 ನೀರೇ ಇರುವುದರಿಂದ, ಅದನ್ನು ರಾಶಿ ಹಾಕಿಟ್ಟರೆ ಒಳಗೇ ಬಿಸಿಯೇರಿ ಬೇಗನೆ ಕೊಳೆಯತೊಡಗುತ್ತದೆ. ಆದ್ದರಿಂದ ಬೆಳೆಗಾರರು ಬಿಸಿಗಾಳಿಯ ಮನೆಗಳಲ್ಲಿ ಅದನ್ನು ಒಣಗಿಸಿ, ಒತ್ತಿ, ಮೂಟೆ ಕಟ್ಟುತ್ತಾರೆ. ಜಗತ್ತಿನ ಬಹುಪಾಲು ಬಿಯರಿಗೆ, ಬೆಂಗಳೂರಿನ ಬ್ರೂಪಬ್‌ಗಳ ಬಿಯರಿಗೂ, ಸೇರುವುದು ಹೀಗೆ ಒಣಗಿಸಿದ ಹಾಪ್, ಅದೂ ಹೆಚ್ಚಾಗಿ ಪುಡಿ ಮಾಡಿ ಗುಳಿಗೆಯಾಗಿಸಿದ್ದು. ಒಣಗಿಸುವಾಗ ಕಹಿಯ ಅಂಶ ಬಹುಮಟ್ಟಿಗೆ ಉಳಿಯುತ್ತದೆ, ಆದರೆ ಮಿರ್ಸೀನ್‌ನಂತಹ ಬೇಗ ಆವಿಯಾಗುವ ತೈಲಗಳಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ: ಬಳ್ಳಿಯಿಂದ ಕಿತ್ತ ಹಸಿ ಮೆಣಸಿನ ಗೊನೆಗೂ ಅಂಗಳದಲ್ಲಿ ಒಣಗಿದ ಕರಿಮೆಣಸಿಗೂ ಇರುವ ಅಂತರವೇ ಇಲ್ಲಿಯೂ ಇರುವುದು. ಎರಡರಲ್ಲಿ ಯಾವುದೂ ಕೀಳಲ್ಲ, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಅಮೆರಿಕದಲ್ಲಿ ಈ ಬಗೆಯ ಬಿಯರಿಗೆ ದಾರಿ ಹಾಕಿಕೊಟ್ಟದ್ದು ಕ್ಯಾಲಿಫೋರ್ನಿಯಾದ ಚಿಕೋ ಊರಿನ ಸಿಯೆರಾ ನೆವಾಡಾ ಕಂಪನಿ. 1996ರಲ್ಲಿ ಅದು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಿಂದ ಹಸಿ ಹಾಪ್ ತರಿಸಿಕೊಂಡು ತನ್ನ ಹಾರ್ವೆಸ್ಟ್ ಏಲ್ ಎಂಬ ಬಿಯರನ್ನು ತಯಾರಿಸಿತು. ಇಂದು ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳಲ್ಲಿ ಇದು ಊರೂರಿನ ಸುಗ್ಗಿ.

ಯಾಕಿಮಾ ಕಣಿವೆಯನ್ನು ಕಾಣದೆ ಈ ಬಿಯರಿನ ರುಚಿ ಪೂರ್ತಿ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಿಯಾಟಲ್‌ನ ಮಳೆಯನ್ನು ಕ್ಯಾಸ್ಕೇಡ್ ಪರ್ವತಗಳು ತಮ್ಮ ಪಶ್ಚಿಮಕ್ಕೇ ತಡೆದುಬಿಡುವುದರಿಂದ, ಕಣಿವೆಗೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆಯಷ್ಟೇ ಬೀಳುತ್ತದೆ. ಬೆಳೆಗೆ ನೀರು ಬರುವುದು ಅದೇ ಪರ್ವತಗಳ ಹಿಮ ಕರಗಿ ಕಾಲುವೆಗಳಲ್ಲಿ ಹರಿದಾಗ. ಜೂನ್‌ನಲ್ಲಿ ಅಲ್ಲಿ ಹಗಲು ಹತ್ತಿರಹತ್ತಿರ 16 ಗಂಟೆ ಇರುತ್ತದೆ, ಮತ್ತು ಹಾಪ್ ಬಳ್ಳಿ ಚೆನ್ನಾಗಿ ಬೆಳೆದು ಹೂವು ಬಿಡಲು ಬೇಕಾದದ್ದು ಇಂತಹ ದೀರ್ಘ ಹಗಲುಗಳೇ. ವರ್ಷದ ಅತಿ ಉದ್ದದ ದಿನದಲ್ಲೂ 13 ಗಂಟೆ ದಾಟದ ನಮ್ಮ ಬೆಂಗಳೂರಿನ ಹಗಲು ಅದಕ್ಕೆ ಸಾಲದು. ಅಮೆರಿಕದ ಹಾಪ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆಯುವುದು ವಾಷಿಂಗ್ಟನ್ ರಾಜ್ಯದಲ್ಲಿ, ಅದರಲ್ಲೂ ಈ ಕಣಿವೆಯಲ್ಲಿ. ಕಂಬ ನೆಟ್ಟು, ತಂತಿ ಎಳೆದು, ಐದು ಮೀಟರಿಗೂ ಎತ್ತರಕ್ಕೆ ಹಬ್ಬಿಸಿದ ಬಳ್ಳಿಗಳ ನಡುವೆ ಸೆಪ್ಟೆಂಬರ್‌ನಲ್ಲಿ ನಿಂತರೆ, ಒಣಗಿಸುವ ಮನೆಗಳಿಂದ ಬರುವ ಘಾಟು ಊರಿಗೆ ಊರನ್ನೇ ತುಂಬಿರುತ್ತದೆ.

ಹೂವು ಕೊಯ್ದ ಬಳಿಕ ಬ್ರೂವರಿಯವರಿಗೆ ಸಿಗುವುದು ಹೆಚ್ಚೆಂದರೆ ಒಂದು ದಿನ. ಸಿಯಾಟಲ್‌ನವರು ಸ್ನೋಕ್ವಾಲ್ಮಿ ಕಣಿವೆದಾರಿಯಲ್ಲಿ ಎರಡೂವರೆ ಗಂಟೆ ಲಾರಿ ಓಡಿಸಿಕೊಂಡು ಹೋಗಿ, ಹೊಲದ ಬಳಿ ಕಾದು, ಚೀಲಗಳನ್ನು ತುಂಬಿಸಿಕೊಂಡು ಹಿಂದಿರುಗುತ್ತಾರೆ. ಅಷ್ಟರಲ್ಲಿ ಇಲ್ಲಿ ಹಂಡೆ ಕುದಿಯುತ್ತಿರಬೇಕು. ಹಸಿ ಹೂವಿನ ಕಹಿಯನ್ನು ಅಳೆದು ಹಾಕಲು ಸಮಯವಿಲ್ಲದ ಕಾರಣ, ಕಹಿಗೆಂದು ಹಲವರು ಒಣ ಹಾಪನ್ನೇ ಕುದಿಯ ಆರಂಭದಲ್ಲಿ ಹಾಕಿ, ಹಸಿಯದನ್ನು ಕೊನೆಗೆ, ಉರಿ ಆರಿಸುವ ಹೊತ್ತಿಗೆ ಸೇರಿಸುತ್ತಾರೆ. ನೀರಿನ ತೂಕವೇ ಹೆಚ್ಚಾದ್ದರಿಂದ ಒಣ ಹಾಪ್‌ನ ನಾಲ್ಕೈದು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಹಸಿ ಹಾಪ್ ಬೇಕಾಗುತ್ತದೆ.

ಈ ವರ್ಷ ನನಗೆ ಅತ್ಯಂತ ಇಷ್ಟವಾದದ್ದು ಕ್ಯಾಸ್ಕೇಡ್ ತಳಿಯ ಹಸಿ ಹೂವಿನಿಂದ ತಯಾರಿಸಿದ, ಪೇಲ್ ಏಲ್ ಎಂಬ ಬಗೆಯ ತಿಳಿಬಣ್ಣದ ಒಂದು ಬಿಯರು. ಅಮೆರಿಕದ ಕೃಷಿ ಇಲಾಖೆ 1972ರಲ್ಲಿ ಬಿಡುಗಡೆ ಮಾಡಿದ ಈ ತಳಿ ಈಗ ಹಳೆಯದೆನಿಸಿ, ಸಿಟ್ರಾ, ಮೊಸೈಕ್ ಎಂಬ ಹೊಸ ತಳಿಗಳ ಮುಂದೆ ಸ್ವಲ್ಪ ಮೂಲೆಗೆ ಸರಿದಿದೆ. ಹಸಿಯಾಗಿ ಬಳಸುವಾಗ ಮಾತ್ರ ಅದಕ್ಕೆ ಸಮನಾದುದನ್ನು ನಾನು ಕಂಡಿಲ್ಲ. ತಿಳಿಜೇನಿನ ಬಣ್ಣದ, ತುಸು ಮಬ್ಬಾದ ಬಿಯರು, ಮೇಲೆ ಬೇಗ ಇಳಿಯದ ಬಿಳಿ ನೊರೆ. ಮೂಗಿಗೆ ಮೊದಲು ಬಂದದ್ದು ಚಕೋತದ ಸಿಪ್ಪೆಯ ಪರಿಮಳ. ಒಣ ಕ್ಯಾಸ್ಕೇಡ್‌ನಲ್ಲಿಯೂ ಅದು ಇರುತ್ತದೆ. ಅದರ ಹಿಂದೆಯೇ ಬಂದದ್ದು ಒಣಗಿದ ಹಾಪ್‌ನಲ್ಲಿ ಸಿಗದಂಥದ್ದು: ಆಗ ತಾನೇ ಕೊಯ್ದ ಹುಲ್ಲು, ಎಳೆ ಸೌತೆಕಾಯಿ, ಕರಬೂಜದ ಸಿಪ್ಪೆಗೆ ಹತ್ತಿರದ ತಿರುಳು. ಬಾಯಲ್ಲಿ ಕಹಿ ಮೃದುವಾಗಿತ್ತು, ನಾಲಿಗೆಯನ್ನು ಕೆರೆಯುವ ಒರಟುತನವಿರಲಿಲ್ಲ. ನುಂಗಿದ ಬಳಿಕ ಎಲೆಯನ್ನು ಅಗಿದಂತಹ ಹಸಿರು ಒಗರೊಂದು ಸ್ವಲ್ಪ ಹೊತ್ತು ಉಳಿಯಿತು. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತನ್ನ ಸಿಹಿಯನ್ನು ಮುಂದೆ ಮಾಡದೆ ಹಿಂದೆ ನಿಂತಿತ್ತು, ಮತ್ತು ಅದು ಹಾಗೆಯೇ ಇರಬೇಕು. ಶೇಕಡಾ ಏಳೆಂಟು ಆಲ್ಕೋಹಾಲಿನ ದಪ್ಪ ಐಪಿಎಗಳಲ್ಲಿ (ಹಾಪ್ ಹೆಚ್ಚು ಹಾಕಿದ ಇಂಡಿಯಾ ಪೇಲ್ ಏಲ್ ಬಿಯರುಗಳಲ್ಲಿ) ಹಸಿ ಹಾಪ್ ಸುರಿಯುವವರ ಉತ್ಸಾಹವನ್ನು ಗೌರವಿಸುತ್ತೇನೆ, ಆದರೆ ಅಲ್ಲಿ ಈ ನವಿರು ಪರಿಮಳ ಹೂತುಹೋಗುತ್ತದೆ ಎಂದೇ ನನಗೆ ತೋರುತ್ತದೆ.

ಅದೇ ಬ್ರೂವರಿಯ ಅದೇ ಹೆಸರಿನ ಬಿಯರು ಕಳೆದ ವರ್ಷದಂತೆ ಈ ವರ್ಷ ಇರುವುದಿಲ್ಲ. ಹೂವು ನಾಲ್ಕು ದಿನ ತಡವಾಗಿ ಕೊಯ್ದದ್ದಾದರೆ ಪರಿಮಳದಲ್ಲಿ ಬೆಳ್ಳುಳ್ಳಿ, ಈರುಳ್ಳಿಗಳ ಛಾಯೆ ಇಣುಕಬಹುದು; ಬೇಗ ಕೊಯ್ದದ್ದಾದರೆ ಬರಿಯ ಹುಲ್ಲೇ ಉಳಿಯಬಹುದು. ಇದನ್ನು ದೋಷವೆನ್ನುವವರಿದ್ದಾರೆ. ನಾನು ಈ ಬಿಯರನ್ನು ಪ್ರೀತಿಸುವುದು ಇದೇ ಕಾರಣಕ್ಕೆ, ಏಕೆಂದರೆ ಆ ವರ್ಷದ ಬಿಸಿಲು, ನೀರು, ಕೊಯ್ಲಿನ ಗಳಿಗೆಗಳೆಲ್ಲ ಲೋಟದಲ್ಲಿ ತಿಳಿಯುವಂತಹ ಬಿಯರು ಬೇರೆ ಹೆಚ್ಚಿಲ್ಲ.

ಕುಡಿಯಬಯಸುವವರು ಕ್ಯಾನಿನ ತಳದಲ್ಲಿ ಮುದ್ರಿಸಿದ ದಿನಾಂಕವನ್ನು ಓದಿಯೇ ಖರೀದಿಸಿ. ತುಂಬಿಸಿ ಮೂರು ನಾಲ್ಕು ವಾರಗಳೊಳಗಿನದಾದರೆ ಮಾತ್ರ ಹಣ ಕೊಡುವುದು ಸೂಕ್ತ. ಅಂಗಡಿಯ ಬೆಚ್ಚನೆಯ ಕಪಾಟಿನಲ್ಲಿಟ್ಟದ್ದು ಬೇಡ, ಫ್ರಿಜ್ಜಿನಲ್ಲಿಟ್ಟದ್ದನ್ನೇ ಕೇಳಿ. ಡಿಸೆಂಬರ್‌ನಲ್ಲಿ ಊರಿಗೆ ಹೊರಡುವಾಗ ಗೆಳೆಯರಿಗೆಂದು ಸೂಟ್‌ಕೇಸಿನಲ್ಲಿ ಕೊಂಡೊಯ್ಯುವ ಆಸೆ ಹಲವರಿಗಿರುತ್ತದೆ, ಆದರೆ ಅಷ್ಟು ಹೊತ್ತಿಗೆ ಆ ಹಸಿರು ಪರಿಮಳ ಮಾಸಿ ಸಾಧಾರಣ ಪೇಲ್ ಏಲ್ ಮಾತ್ರ ಉಳಿದಿರುತ್ತದೆ. ಅವರಿಗೆ ಇದನ್ನು ಕುಡಿಸಲೇಬೇಕೆಂದಿದ್ದರೆ ಸೆಪ್ಟೆಂಬರ್ ಕೊನೆಗೆ ಇಲ್ಲಿಗೇ ಬರಹೇಳಿ.