ಆಕ್ಸ್‌ಫರ್ಡ್ ಸ್ಪೆಲಿಂಗಿನ ಹನ್‌ಸ್ಪೆಲ್ ನಿಘಂಟು: ಎಸ್–ಝಡ್ ತೊಡಕು ಕೊನೆಗೂ ಬಗೆಹರಿಯಿತು

ಆಕ್ಸ್‌ಫರ್ಡ್ ಪದ್ಧತಿಯ ಬ್ರಿಟಿಷ್ ಇಂಗ್ಲಿಷಿಗೆ ನಾನು ಸಿದ್ಧಪಡಿಸುತ್ತಿರುವ ಹನ್‌ಸ್ಪೆಲ್ (ಸ್ಪೆಲಿಂಗ್ ತಪ್ಪು ಹುಡುಕುವ ತಂತ್ರಾಂಶ) ನಿಘಂಟಿನ ಕೆಲಸ ಬಹುಕಾಲ ಒಂದೇ ಕಡೆ ಸಿಕ್ಕಿಬಿದ್ದಿತ್ತು. ಈ ವಾರ ದಾರಿ ಸಿಕ್ಕಿದೆ. ಇಂಥ ನಿಘಂಟಿನಲ್ಲಿ ಪದಪಟ್ಟಿಯ ಡಿಕ್ ಕಡತ, ಪ್ರತ್ಯಯ ಮತ್ತು ಸಲಹೆಗಳ ನಿಯಮಗಳ ಅಫ್ ಕಡತ ಎಂದು ಎರಡಿರುತ್ತವೆ ಎಂದಷ್ಟೇ ಹೇಳಿ ನೇರವಾಗಿ ತೊಡಕಿಗೆ ಬರುತ್ತೇನೆ.

ಆರ್ಗನೈಸ್, ರಿಯಲೈಸ್, ಮಾಡರ್ನೈಸ್‌ಗಳನ್ನು ಝಡ್ ಹಾಕಿ ಬರೆಯುವುದು ಅಮೆರಿಕದ ರೂಢಿ, ಎಸ್ ಹಾಕುವುದು ಬ್ರಿಟನ್ನಿನದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಇವುಗಳ ಕೊನೆಯ ‘ಐಸ್’ ಪ್ರತ್ಯಯದ ಮೂಲ ಗ್ರೀಕ್ ಭಾಷೆಯಲ್ಲಿದ್ದು, ಅಲ್ಲಿಯೂ ಝಡ್‌ಗೆ ಸಮನಾದ ಅಕ್ಷರವೇ ಇರುವುದರಿಂದ ಆಕ್ಸ್‌ಫರ್ಡ್ ನಿಘಂಟುಗಳು ಝಡ್ ರೂಪಕ್ಕೇ ಮೊದಲ ಸ್ಥಾನ ಕೊಡುತ್ತವೆ. ವಿಶ್ವಸಂಸ್ಥೆಯ ಇಂಗ್ಲಿಷ್ ದಾಖಲೆಗಳಲ್ಲೂ ಇದೇ ಪದ್ಧತಿಯಿದ್ದು, ಕಲರ್, ಸೆಂಟರ್ ಮುಂತಾದವು ಮಾತ್ರ ಬ್ರಿಟಿಷ್ ರೂಪದಲ್ಲೇ ಉಳಿಯುತ್ತವೆ.

ಹಾಗೆಂದು ಎಲ್ಲ ಎಸ್‌ಗಳನ್ನೂ ಝಡ್ ಮಾಡುವಂತಿಲ್ಲ. ಸೂಪರ್‌ವೈಸ್, ರಿವೈಸ್‌ಗಳ ಕೊನೆಯಲ್ಲಿರುವುದು ‘ನೋಡು’ ಎಂಬ ಅರ್ಥದ ಲ್ಯಾಟಿನ್ ಧಾತು. ಸರ್‌ಪ್ರೈಸ್, ಎಂಟರ್‌ಪ್ರೈಸ್‌ಗಳಲ್ಲಿರುವುದು ‘ಹಿಡಿ’ ಎಂಬ ಅರ್ಥದ ಫ್ರೆಂಚ್ ಧಾತು. ಇವುಗಳಲ್ಲಿ ಎಸ್ ಕಡ್ಡಾಯ. ವೈಸ್ ಎಂದು ಮುಗಿಯುವವನ್ನು ಬಿಟ್ಟುಬಿಡುವ ನಿಯಮ ಬರೆದರೆ ಕಲೆಕ್ಟಿವೈಸ್ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಅದರ ‘ವಿ’ ಕಲೆಕ್ಟಿವ್ ಪದದ್ದು. ಎಕ್ಸರ್‌ಸೈಸ್‌ಗಾಗಿ ಬರೆದ ನಿಯಮ ಪಬ್ಲಿಸೈಸ್ ಅನ್ನು ಕೆಡಿಸುತ್ತದೆ. ಕಾಂಪ್ರೊಮೈಸ್ ಉಳಿಸಲು ಹೋದರೆ ಮ್ಯಾಕ್ಸಿಮೈಸ್ ಕೈಬಿಡುತ್ತದೆ. ಕೊನೆಯ ಅಕ್ಷರಗಳನ್ನು ಎಷ್ಟು ದಿಟ್ಟಿಸಿದರೂ ಫಲವಿಲ್ಲ.

ನಾಮಪದದ ಪರೀಕ್ಷೆಯ ಮೇಲೆ ನನಗೆ ಹೆಚ್ಚು ಭರವಸೆಯಿತ್ತು. ಆರ್ಗನೈಸೇಷನ್ ಇದೆ, ಆದ್ದರಿಂದ ಝಡ್. ಸೂಪರ್‌ವೈಸ್‌ಗೆ ಇರುವುದು ಸೂಪರ್‌ವಿಷನ್, ಆದ್ದರಿಂದ ಎಸ್. ಇಂಪ್ರೊವೈಸ್ ಈ ಲೆಕ್ಕವನ್ನು ಬುಡಮೇಲು ಮಾಡಿತು: ಇಂಪ್ರೊವೈಸೇಷನ್ ಇದ್ದರೂ ಅದರಲ್ಲಿ ಎಸ್ಸೇ ಸರಿ. ಅತ್ತ ರೆಕಗ್ನೈಸ್‌ನ ನಾಮಪದ ರೆಕಗ್ನಿಷನ್, ಆದರೂ ಆಕ್ಸ್‌ಫರ್ಡ್ ಅದಕ್ಕೆ ಝಡ್ ಬರೆಯುತ್ತದೆ.

ಪರಿಹಾರ ಸಿಕ್ಕಿದ್ದು ನಿಯಮದ ಹಂಬಲವನ್ನೇ ಬಿಟ್ಟಾಗ. ಝಡ್ ಪ್ರತ್ಯಯ ಇಂದಿಗೂ ಹೊಸ ಪದಗಳನ್ನು ಹುಟ್ಟಿಸುತ್ತಿದೆ, ಅದನ್ನು ಪಟ್ಟಿ ಮಾಡಿ ಮುಗಿಸಲಾಗದು. ಎಸ್ ಕಡ್ಡಾಯವಾದ ಪದಗಳಾದರೋ ಹೆಚ್ಚುಕಡಿಮೆ ನಿಂತ ಗುಂಪು. ಆದ್ದರಿಂದ ಆ ಗುಂಪನ್ನು ಕೈಯಾರೆ ಬರೆದು ಬೇಲಿ ಹಾಕಿ, ಉಳಿದವನ್ನೆಲ್ಲ ಝಡ್‌ಗೆ ತಿರುಗಿಸಿ, ಯಾರಾದರೂ ಎಸ್ ಟೈಪಿಸಿದರೆ ಝಡ್ ರೂಪವನ್ನು ಸೂಚಿಸುವಂತೆ ಅಫ್ ಕಡತದಲ್ಲಿ ಒಂದು ರೆಪ್ ಸಾಲು ಸೇರಿಸಿದೆ. ಅನಲೈಸ್, ಪ್ಯಾರಲೈಸ್‌ಗಳೂ ಬೇಲಿಯೊಳಗೇ ಇವೆ. ಅವುಗಳ ಎಸ್ ಗ್ರೀಕ್ ಧಾತುವಿನದೇ ಆದ್ದರಿಂದ ಆಕ್ಸ್‌ಫರ್ಡ್ ಕೂಡ ಅದನ್ನು ಮುಟ್ಟುವುದಿಲ್ಲ.

ಒಂದು ದೂರನ್ನು ಹೇಳಲೇಬೇಕು. ನಾನು ಆಧಾರವಾಗಿಟ್ಟುಕೊಂಡ ಉಚಿತ ಪದಪಟ್ಟಿಯ ಮೇಲೆ ಬ್ರಿಟಿಷ್ ಎಂಬ ಹೆಸರಿದ್ದರೂ ಎಸ್, ಝಡ್ ಎರಡೂ ರೂಪಗಳು ಒಳಗೆ ಕಲಸಿಹೋಗಿದ್ದವು. ಎರಡನ್ನೂ ಒಪ್ಪುವ ನಿಘಂಟಿನಿಂದ ಒಂದೇ ಬರಹದಲ್ಲಿ ನುಸುಳಿದ ಮಿಶ್ರಣ ಪತ್ತೆಯಾಗುವುದಿಲ್ಲ. ಹೀಗೆ ಹಂಚುವವರು ಕನಿಷ್ಠ ಒಂದು ಸಾಲಿನ ವಿವರಣೆ ಬರೆಯಬೇಕು.

ಮುಂದಿನದು ಪ್ರ್ಯಾಕ್ಟಿಸ್ ಮತ್ತು ಲೈಸೆನ್ಸ್. ಬ್ರಿಟಿಷ್ ರೂಢಿಯಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಅಡ್ವೈಸ್‌ನಲ್ಲಿ ಈ ಭೇದ ಕಿವಿಗೆ ಕೇಳಿಸುತ್ತದೆ, ಇವೆರಡರಲ್ಲಿ ಕೇಳಿಸುವುದಿಲ್ಲ. ಎರಡೂ ರೂಪಗಳು ಸರಿಯಾದ್ದರಿಂದ ಪದವನ್ನಷ್ಟೇ ನೋಡುವ ಹನ್‌ಸ್ಪೆಲ್‌ಗೆ ಇದು ನಿಲುಕದು. ಅಕ್ಕಪಕ್ಕದ ಪದಗಳನ್ನು ಓದುವ ಲ್ಯಾಂಗ್ವೇಜ್‌ಟೂಲ್ ಎಂಬ ವ್ಯಾಕರಣ ಪರೀಕ್ಷಕಕ್ಕೆ, ‘ಟು’ ನಂತರ ಸಿ ರೂಪ ಬಂದರೆ ಎಚ್ಚರಿಸುವ ನಿಯಮದಿಂದ ಆರಂಭಿಸುತ್ತಿದ್ದೇನೆ.